‘ಮಾಲಪಿಲ್ಲ’ (1938): ಪುರಾಣ ಬಿಟ್ಟು ಊರಿನ ಜಗಳಕ್ಕೆ ಬಂದ ತೆಲುಗು ವಾಕ್ಚಿತ್ರ

1938ರ ಸೆಪ್ಟೆಂಬರ್ 25ರಂದು ತೆರೆಕಂಡ ಗೂಡವಲ್ಲಿ ರಾಮಬ್ರಹ್ಮಂ ಅವರ ‘ಮಾಲಪಿಲ್ಲ’ (ಮಾಲ ಎಂಬ ದಲಿತ ಸಮುದಾಯದ ಹುಡುಗಿ) ಚಿತ್ರವನ್ನು ತೆಲುಗು ಚಿತ್ರರಂಗದ ಚರಿತ್ರೆ ಬರೆದವರೆಲ್ಲ ಗೌರವದಿಂದ ಹೆಸರಿಸುತ್ತಾರೆ. ಆ ಗೌರವದ ಭಾರದಲ್ಲಿ, ಚಿತ್ರ ಸಿನಿಮಾ ಆಗಿ ಹೇಗಿದೆ ಎಂಬ ಸಾಮಾನ್ಯ ಪ್ರಶ್ನೆಯನ್ನು ಕೇಳುವವರು ಕಡಿಮೆಯಾಗಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತಿನಲ್ಲಿ, ಅಭಿನಯದಲ್ಲಿ, ಒಂದು ಊರಿನೊಳಗಿನ ನಿಜವಾದ ಜಗಳವನ್ನು ಕ್ಯಾಮೆರಾದ ಮುಂದೆ ತಂದು ನಿಲ್ಲಿಸಿದ ಬಗೆಯಲ್ಲಿ ಇದು ಇಂದಿಗೂ ನೋಡಿಸಿಕೊಳ್ಳುವ ಚಿತ್ರ. ಆದರೆ ಯಾರ ಹೆಸರನ್ನು ಶೀರ್ಷಿಕೆಯಾಗಿ ಹೊತ್ತಿದೆಯೋ ಅವರ ಕೈಗೆ ಕಥೆಯ ಚುಕ್ಕಾಣಿಯನ್ನು ಕೊನೆಯವರೆಗೂ ಬಿಟ್ಟುಕೊಡದ ಚಿತ್ರವೂ ಹೌದು. ಈ ಎರಡೂ ಮಾತು ಒಟ್ಟಿಗೆ ನಿಜವಾಗಿರುವುದರಿಂದಲೇ ಅದನ್ನು ಕುರಿತು ವಿಸ್ತಾರವಾಗಿ ಬರೆಯಬೇಕೆನಿಸುತ್ತದೆ.

ತೆಲುಗು ವಾಕ್ಚಿತ್ರ ಹುಟ್ಟಿದ್ದು ನಾಟಕದ ರಂಗದ ಮೇಲಿಂದ. ಎಚ್. ಎಂ. ರೆಡ್ಡಿಯವರು ನಿರ್ದೇಶಿಸಿ, ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಸಂಸ್ಥೆ ಬೊಂಬಾಯಿಯಲ್ಲಿ ತಯಾರಿಸಿದ ‘ಭಕ್ತ ಪ್ರಹ್ಲಾದ’ 1932ರಲ್ಲಿ ಬಿಡುಗಡೆಯಾಯಿತು. ಅದರ ಮೂಲವಾದ ನಾಟಕವನ್ನು ಬರೆದ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ನೆಲೆಸಿ, ಅಲ್ಲಿಯೇ ಸರಸ ವಿನೋದಿನಿ ಸಭೆಯನ್ನು ಕಟ್ಟಿ ನಾಟಕವಾಡಿಸಿದವರು ಎಂಬುದನ್ನು ಕನ್ನಡದ ಓದುಗರು ನೆನಪಿಟ್ಟುಕೊಳ್ಳಬಹುದು. ಸುರಭಿ ನಾಟಕ ಕಂಪನಿಯ ಕಲಾವಿದರು, ರಂಗದ ಮೇಲೆ ಹಾಡಿ ಹಾಡಿ ಪಳಗಿದ ಪದ್ಯಗಳು, ಪ್ರೇಕ್ಷಕನಿಗೆ ಮೊದಲೇ ಬಾಯಿಪಾಠವಾಗಿದ್ದ ಕಥೆ, ಇಷ್ಟು ಸಿದ್ಧವಾಗಿ ಕೈಗೆ ಸಿಕ್ಕಿದ್ದರಿಂದ ಧ್ವನಿಯಂತ್ರವೊಂದನ್ನು ಅವರೆದುರು ಇಟ್ಟರೆ ಚಿತ್ರ ತಯಾರಾಗುತ್ತಿತ್ತು. ಮುಂದಿನ ಐದಾರು ವರ್ಷ ತೆಲುಗಿನಲ್ಲಿ ಬಂದ ಚಿತ್ರಗಳಲ್ಲಿ ಬಹುಪಾಲು ಇದೇ ದಾರಿ ಹಿಡಿದವು. ಸೀತೆ, ದ್ರೌಪದಿ, ಸಾವಿತ್ರಿ, ಶಕುಂತಲೆಯರ ನಡುವೆ 1936ರಲ್ಲಿ ಬಂದ ‘ಪ್ರೇಮವಿಜಯಂ’ ಮೊದಲ ಸಾಮಾಜಿಕ ತೆಲುಗು ಚಿತ್ರವೆನಿಸಿಕೊಂಡರೂ ಹಣ ಗಳಿಸಲಿಲ್ಲ. ಸಮಕಾಲೀನ ಕಥೆಗೆ ಜನ ಬರುವುದಿಲ್ಲವೆಂಬ ನಂಬಿಕೆ ಇದರಿಂದ ಇನ್ನಷ್ಟು ಗಟ್ಟಿಯಾದ ಹೊತ್ತಿನಲ್ಲಿ ರಾಮಬ್ರಹ್ಮಂ ಜಾತಿಯ ಕಥೆಯನ್ನು ಎತ್ತಿಕೊಂಡರು.

ಅವರು ಸಿನಿಮಾಕ್ಕೆ ಬಂದದ್ದು ಪತ್ರಿಕೆಯ ಕಡೆಯಿಂದ. ‘ಪ್ರಜಾಮಿತ್ರ’ ಪತ್ರಿಕೆಯ ಸಂಪಾದಕರಾಗಿದ್ದವರು, ಬ್ರಾಹ್ಮಣೇತರ ಚಳವಳಿಯ ವಾದವಿವಾದಗಳ ನಡುವೆ ಬೆಳೆದವರು, ಆಮೇಲೆ ಗಾಂಧೀಜಿಯವರ ಅಸ್ಪೃಶ್ಯತಾ ನಿವಾರಣೆಯ ಕಾರ್ಯಕ್ರಮಕ್ಕೆ ಮನಸೋತವರು. ಚಲ್ಲಪಲ್ಲಿಯ ರಾಜಾ ಯಾರ್ಲಗಡ್ಡ ಶಿವರಾಮಪ್ರಸಾದ್ ಅವರ ಬಂಡವಾಳದ ಬೆಂಬಲದಿಂದ ನಿಂತ ಸಾರಥಿ ಫಿಲಮ್ಸ್ ಸಂಸ್ಥೆಯ ಮೊದಲ ಚಿತ್ರ ಇದು. ಕಥೆಗಾಗಿ ರಾಮಬ್ರಹ್ಮಂ ಆರಿಸಿಕೊಂಡದ್ದು ಚಲಂ ಎಂದೇ ಹೆಸರಾದ ಗುಡಿಪಾಟಿ ವೆಂಕಟಚಲಂ ಅವರನ್ನು. ಹೆಣ್ಣಿನ ಬಯಕೆ ಮತ್ತು ಸ್ವಾತಂತ್ರ್ಯವನ್ನು ಮುಚ್ಚುಮರೆಯಿಲ್ಲದೆ ಬರೆದು ಆ ವೇಳೆಗಾಗಲೇ ಸಂಪ್ರದಾಯಸ್ಥರ ಕೆಂಗಣ್ಣಿಗೆ ಗುರಿಯಾಗಿದ್ದ ಲೇಖಕ ಅವರು. ಸಂಭಾಷಣೆಯನ್ನು ತಾಪಿ ಧರ್ಮಾರಾವ್ ಬರೆದರು, ಸಂಗೀತವನ್ನು ಭೀಮವರಪು ನರಸಿಂಹರಾವ್ ನೀಡಿದರು. ಸಂಸ್ಥೆಯೊಂದರ ಮೊದಲ ಚಿತ್ರಕ್ಕೇ ಇಂಥ ಜನರನ್ನು ಕಲೆಹಾಕಿದ ನಿರ್ಮಾಪಕನಿಗೆ ಸುರಕ್ಷಿತ ವ್ಯಾಪಾರದ ಆಸೆ ಇತ್ತೆಂದು ಹೇಳಲಾಗದು.

ಕಥೆ ಕಲ್ಯಾಣಪುರವೆಂಬ ಊರಿನದು. ದೇವಸ್ಥಾನದ ಆಡಳಿತ ಹಿಡಿದಿರುವ ಸುಂದರರಾಮಶಾಸ್ತ್ರಿಗಳು ದಲಿತರನ್ನು ಗುಡಿಯೊಳಕ್ಕೆ ಬಿಡಲೊಲ್ಲರು; ಬ್ರಾಹ್ಮಣೇತರನೂ ಗಾಂಧೀವಾದಿಯೂ ಆದ ಚೌದರಯ್ಯ ಬಿಡಬೇಕೆಂದು ಪಟ್ಟು ಹಿಡಿಯುತ್ತಾನೆ. ಶಾಸ್ತ್ರಿಗಳ ಮಗ ನಾಗರಾಜುವಿಗೆ ಜಾತಿಯಲ್ಲಿ ನಂಬಿಕೆಯಿಲ್ಲ. ಮಾಲ ಸಮುದಾಯದ ಹುಡುಗಿ ಸಂಪಾಲತೆಯನ್ನು ಅವನು ಪ್ರೀತಿಸುತ್ತಾನೆ. ಊರಿನಲ್ಲಿ ಬಾಳಲಾಗದೆಂದು ಕಂಡಾಗ ಅವಳನ್ನೂ ಅವಳ ತಂಗಿ ಅನಸೂಯೆಯನ್ನೂ ಕರೆದುಕೊಂಡು ಕಲ್ಕತ್ತೆಗೆ ಹೋಗುತ್ತಾನೆ. ಇತ್ತ ಊರಿನಲ್ಲಿ ದೇವಾಲಯ ಪ್ರವೇಶದ ಹೋರಾಟ ಬಿಗಿಯಾಗಿ, ದಲಿತರಿಗೆ ನೀರು ನಿರಾಕರಿಸಲಾಗುತ್ತದೆ; ಅವರು ಹೊಲದ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುತ್ತಾರೆ. ಕೊನೆಗೆ ಬೆಂಕಿಯಲ್ಲಿ ಸಿಕ್ಕಿದ ಶಾಸ್ತ್ರಿಗಳ ಹೆಂಡತಿಯನ್ನು ದಲಿತ ಯುವಕನೊಬ್ಬ ಬದುಕಿಸಿದ ಮೇಲೆ ಶಾಸ್ತ್ರಿಗಳ ಮನಸ್ಸು ತಿರುಗಿ, ಗುಡಿಯ ಬಾಗಿಲು ತೆರೆಯುತ್ತದೆ, ಮಗನ ಮದುವೆಗೂ ಆಶೀರ್ವಾದ ಸಿಗುತ್ತದೆ.

ಸಾರಾಂಶವಾಗಿ ಹೇಳಿದಾಗ ಇದು ಸುಧಾರಣೆಯ ಪ್ರಚಾರಕಥೆಯಂತೆ ಕೇಳಿಸುತ್ತದೆ. ನೋಡುವಾಗ ಹಾಗೆ ಅನಿಸದಂತೆ ಕಾಪಾಡುವುದು ತಾಪಿ ಧರ್ಮಾರಾವ್ ಅವರ ಮಾತುಗಳು. ಅದುವರೆಗೆ ತೆಲುಗು ಚಿತ್ರದ ಪಾತ್ರಗಳು ಗ್ರಾಂಥಿಕ ಭಾಷೆಯಲ್ಲಿ ಮಾತನಾಡುತ್ತಿದ್ದವು. ಗಿಡುಗು ರಾಮಮೂರ್ತಿಯವರು ನಡೆಸಿದ, ಆಡುಮಾತಿನಲ್ಲೇ ಬರೆಯಬೇಕೆಂಬ ವ್ಯಾವಹಾರಿಕ ಭಾಷಾ ಚಳವಳಿ ಪುಸ್ತಕ ಪತ್ರಿಕೆಗಳಲ್ಲಿ ದಶಕಗಳ ಕಾಲ ಕಾದಾಡಿದ್ದರೂ ಅದರ ಗೆಲುವು ತೆರೆಯ ಮೇಲೆ ಕೇಳಿಸಿರಲಿಲ್ಲ. ರಾಮಮೂರ್ತಿಯವರ ಹಾದಿಯಲ್ಲೇ ನಡೆದ ಧರ್ಮಾರಾವ್ ಅವರು ‘ಮಾಲಪಿಲ್ಲ’ದಲ್ಲಿ ಪಾತ್ರಗಳ ಬಾಯಿಗೆ ದಿನಬಳಕೆಯ ತೆಲುಗನ್ನು ಕೊಟ್ಟರು, ಮತ್ತು ಆ ಒಂದು ನಿರ್ಧಾರ ಚಿತ್ರದ ಉಳಿದೆಲ್ಲವನ್ನೂ ಬದಲಿಸಿತು. ಪೌರಾಣಿಕ ಚಿತ್ರದ ಪಾತ್ರ ಮಾತನಾಡುವಾಗ ಎದುರಿನವನು ಸುಮ್ಮನೆ ನಿಂತು ತನ್ನ ಸರದಿಗಾಗಿ ಕಾಯಬೇಕು, ಏಕೆಂದರೆ ಆ ಭಾಷೆಯಲ್ಲಿ ಅಡ್ಡಮಾತಿಗೆ ಎಡೆಯಿಲ್ಲ. ಆಡುಮಾತು ಬಂದೊಡನೆ ಒಬ್ಬರು ಇನ್ನೊಬ್ಬರ ಮಾತನ್ನು ಅರ್ಧದಲ್ಲಿ ತಡೆಯಬಹುದು, ಗೊಣಗಬಹುದು, ಕೇಳಿಯೂ ಕೇಳದಂತೆ ಮುಖ ತಿರುಗಿಸಬಹುದು. ಗುಡಿಯ ವಿಷಯದಲ್ಲಿ ನಡೆಯುವ ವಾದಗಳು ಎರಡು ಪಕ್ಷಗಳ ಭಾಷಣವಾಗದೆ ಒಂದೇ ಊರಿನಲ್ಲಿ ಬಾಳಬೇಕಾದವರ ಜಗಳವಾಗಿ ಕೇಳಿಸುವುದು ಇದರಿಂದ. ಜಾತಿ ಯಾವುದೆಂಬುದು ಮಾತಿನ ಬನಿಯಲ್ಲೇ ಬಯಲಾಗುವ ನಾಡಿನಲ್ಲಿ ಜಾತಿಯ ಕಥೆಯನ್ನು ಗ್ರಾಂಥಿಕದಲ್ಲಿ ಹೇಳಿದ್ದರೆ ಎಲ್ಲ ಪಾತ್ರಗಳೂ ಒಂದೇ ಅಂತಸ್ತಿನವರಂತೆ ಕಂಡು ಕಥೆಗೆ ಆಧಾರವೇ ಇಲ್ಲದಂತಾಗುತ್ತಿತ್ತು.

ಅಭಿನಯದಲ್ಲಿ ಗೋವಿಂದರಾಜುಲ ಸುಬ್ಬಾರಾವ್ ಅವರ ಸುಂದರರಾಮಶಾಸ್ತ್ರಿ ಮೊದಲು ಹೇಳಬೇಕಾದ ಹೆಸರು. ರಂಗಭೂಮಿಯಲ್ಲಿ ಹೆಸರು ಮಾಡಿ ಬಂದ ಈ ನಟ ಶಾಸ್ತ್ರಿಗಳನ್ನು ಖಳನಾಗಿ ಆಡಲಿಲ್ಲ. ತಾನು ಹೇಳುತ್ತಿರುವುದು ಸತ್ಯವೆಂದು ಪೂರ್ಣವಾಗಿ ನಂಬಿದ, ತನ್ನ ಹಠಕ್ಕೆ ಧರ್ಮದ ಹೆಸರನ್ನು ಪ್ರಾಮಾಣಿಕವಾಗಿಯೇ ಇಟ್ಟುಕೊಂಡಿರುವ ಮನುಷ್ಯನಾಗಿ ಆಡಿದರು. ಸುಧಾರಣೆಯ ಕಥೆಗಳಲ್ಲಿ ವಿರೋಧಿಯನ್ನು ಪೆದ್ದನನ್ನಾಗಿ ಇಲ್ಲವೇ ದುಷ್ಟನನ್ನಾಗಿ ಮಾಡಿಬಿಡುವುದು ಸುಲಭವಾದ ದಾರಿ. ಹಾಗೆ ಮಾಡಿದರೆ ಅಂಥ ನಂಬಿಕೆಯುಳ್ಳ ಪ್ರೇಕ್ಷಕ ತಾನು ಅವನಲ್ಲವೆಂದು ನಿರಾಳವಾಗಿ ಮನೆಗೆ ಹೋಗಬಹುದು. ಸುಬ್ಬಾರಾವ್ ಅವರ ಶಾಸ್ತ್ರಿ ಆ ನಿರಾಳವನ್ನು ಕೊಡುವುದಿಲ್ಲ. ಇದೇ ನಟ 1955ರ ‘ಕನ್ಯಾಶುಲ್ಕಂ’ ಚಿತ್ರದಲ್ಲಿ ಲುಬ್ಧಾವಧಾನಿಯಾಗಿ ಕಾಣಿಸಿಕೊಂಡದ್ದನ್ನು ನೋಡಿದವರಿಗೆ ಅವರ ಮುಖ ಪರಿಚಿತವಿರುತ್ತದೆ. ಸಂಪ್ರದಾಯದ ಮನುಷ್ಯನ ಒಳಗಿನ ಅಳುಕನ್ನು ಅವರಷ್ಟು ಚೆನ್ನಾಗಿ ತೋರಿಸಿದವರು ಆ ತಲೆಮಾರಿನಲ್ಲಿ ವಿರಳ.

ಕಾಂಚನಮಾಲಾ ಅವರ ಸಂಪಾಲತೆ ಬೇರೆಯೇ ಬಗೆಯ ಶಕ್ತಿ. ದೊಡ್ಡ ಕಣ್ಣು, ಸಂಕೋಚವಿಲ್ಲದ ನೋಟ, ಕ್ಯಾಮೆರಾವನ್ನು ಪ್ರೇಕ್ಷಕರ ಗ್ಯಾಲರಿಯೆಂದು ಭಾವಿಸಿ ಕೂಗದ ಅಪರೂಪದ ಸಂಯಮ ಅವರಲ್ಲಿದೆ. ನಾಟಕದ ಅಭ್ಯಾಸ ತುಂಬಿದ್ದ ಆ ಕಾಲದ ನಟಿಯರ ನಡುವೆ ಇವರು ಚಲನಚಿತ್ರಕ್ಕೆಂದೇ ಹುಟ್ಟಿದವರಂತೆ ಕಾಣುತ್ತಾರೆ. ಊರಿನ ಭಾಗದಲ್ಲಿ ಹಳ್ಳಿಯ ಹುಡುಗಿಯಾಗಿದ್ದವಳು ಕಲ್ಕತ್ತೆಯ ಭಾಗದಲ್ಲಿ ಓದು ಕಲಿತ ನಗರದ ಹೆಣ್ಣಾಗುತ್ತಾಳೆ, ಮತ್ತು ಈ ಬದಲಾವಣೆ ಬಟ್ಟೆ, ನಡೆ, ಕೂರುವ ಭಂಗಿಗಳಲ್ಲೆಲ್ಲ ತೋರುತ್ತದೆ. ತೋಳಿಲ್ಲದ ರವಿಕೆ ತೊಟ್ಟು, ದೊಡ್ಡ ಓಲೆಗಳನ್ನು ಹಾಕಿಕೊಂಡು, ಕೈಯಲ್ಲಿ ಕಾಫಿ ಕಪ್ಪು ಹಿಡಿದ ಅವರ ಚಿತ್ರವೊಂದು ಕ್ಯಾಲೆಂಡರಾಗಿ ಅಚ್ಚಾಗಿ ಜನರಲ್ಲಿ ಹುಚ್ಚೆಬ್ಬಿಸಿತು. ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು. ಊರಿನ ನೀರನ್ನು ಮುಟ್ಟಲು ಬಿಡದ ಸಮುದಾಯದ ಹುಡುಗಿಯ ಪಾತ್ರದಲ್ಲಿದ್ದಾಕೆ, ಮೇಲುವರ್ಗದ ನಗರಜೀವನದ ಗುರುತಾಗಿದ್ದ ಕಾಫಿಯನ್ನು ಕೈಯಲ್ಲಿ ಹಿಡಿದು ಮನೆಮನೆಯ ಗೋಡೆಯ ಮೇಲೆ ಕೂತಳು. ಕ್ಯಾಲೆಂಡರು ಕೊಂಡವರೆಲ್ಲ ಹೀಗೆ ಯೋಚಿಸಿದರೆಂದು ನಾನು ಹೇಳುತ್ತಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಕಾಂಚನಮಾಲಾ ಅವರ ಸೌಂದರ್ಯ. ಆದರೂ ದೇವಸ್ಥಾನದ ಬಾಗಿಲಲ್ಲಿ ಇನ್ನೂ ವಾದ ನಡೆಯುತ್ತಿದ್ದಾಗ ಆ ರೂಪ ಎಷ್ಟೋ ಮನೆಗಳ ಒಳಕ್ಕೆ ಯಾವ ವಾದವೂ ಇಲ್ಲದೆ ಹೋಗಿ ನೆಲೆಸಿತು.

ಹಾಡುಗಳ ವಿಷಯದಲ್ಲಿ ರಾಮಬ್ರಹ್ಮಂ ತೋರಿದ ವಿವೇಕವನ್ನು ವಿಶೇಷವಾಗಿ ಮೆಚ್ಚಬೇಕು. ಆಗಿನ ಚಿತ್ರಗಳಲ್ಲಿ ಎಣಿಕೆಯಿಲ್ಲದಷ್ಟು ಪದ್ಯ ಮತ್ತು ರಂಗಗೀತೆಗಳನ್ನು ತುಂಬುವ ರೂಢಿಯಿತ್ತು. ಇಲ್ಲಿ ಅವರು 1933ರಲ್ಲೇ ತೀರಿಕೊಂಡಿದ್ದ ಭಾವಕವಿ ಬಸವರಾಜು ಅಪ್ಪಾರಾವ್ ಅವರ ಗೀತೆಗಳನ್ನು ತಂದರು. ತುಂಡು ಬಟ್ಟೆ ಉಟ್ಟ ಗಾಂಧಿಯನ್ನು ಕುರಿತ ಅವರ ಹಾಡನ್ನೂ ಗೊಲ್ಲರ ಹುಡುಗ ಕೃಷ್ಣನನ್ನು ಕುರಿತ ಹಾಡನ್ನೂ ಇಂದಿಗೂ ಆಂಧ್ರದ ಹಿರಿಯರು ಗುನುಗುವುದುಂಟು. ಹಿನ್ನೆಲೆ ಗಾಯನ ತೆಲುಗಿನಲ್ಲಿ ಇನ್ನೂ ನೆಲೆಗೊಂಡಿರದ ಕಾಲವಾದ್ದರಿಂದ ನಟನಟಿಯರೇ ಹಾಡಬೇಕಿತ್ತು. ಅನಸೂಯೆಯ ಪಾತ್ರಧಾರಿ ಸುಂದರಮ್ಮ ಅವರ ಕಂಠ ಈ ಕಾರಣಕ್ಕೇ ಕಥೆಯಲ್ಲಿ ಅವರ ಪಾತ್ರಕ್ಕಿರುವ ಜಾಗಕ್ಕಿಂತ ಹೆಚ್ಚು ಜಾಗವನ್ನು ನೆನಪಿನಲ್ಲಿ ಪಡೆಯುತ್ತದೆ. ಮೈಕಿನ ಹಿಡಿತದೊಳಗೇ ಇರಬೇಕಾದ್ದರಿಂದ ನಟರು ಹೆಚ್ಚು ಓಡಾಡುವಂತಿರಲಿಲ್ಲ. ಹಾಡು ಬಂದಾಗ ದೃಶ್ಯ ನಿಂತಲ್ಲೇ ನಿಲ್ಲುತ್ತದೆ, ಇಂದಿನ ಕಣ್ಣಿಗೆ ಅದು ದೀರ್ಘವೆನಿಸುತ್ತದೆ. ಕಲ್ಕತ್ತೆಯ ಭಾಗದಲ್ಲಿ ಈ ನಿಧಾನ ಇನ್ನಷ್ಟು ಹೆಚ್ಚಿ, ಊರಿನಲ್ಲಿ ಹೊತ್ತಿಕೊಂಡಿದ್ದ ಜಗಳದಿಂದ ದೂರವಾದ ಕಥೆ ಬಿಸಿ ಕಳೆದುಕೊಳ್ಳುತ್ತದೆ. ಚಿತ್ರದ ದುರ್ಬಲವಾದ ಭಾಗ ಯಾವುದೆಂದು ಕೇಳಿದರೆ ನಾನು ತಡವಿಲ್ಲದೆ ಇದನ್ನೇ ತೋರಿಸುತ್ತೇನೆ.

ಇನ್ನೂ ಆಳವಾದ ಕೊರತೆ ಕಥೆಯ ಕಟ್ಟಿನಲ್ಲಿದೆ. ನೀರು ನಿಂತಾಗ ದಲಿತರು ಕೆಲಸ ನಿಲ್ಲಿಸುವ ಭಾಗ ಚಿತ್ರದ ಅತ್ಯಂತ ಜೀವಂತವಾದ ಭಾಗ, ಏಕೆಂದರೆ ಊರಿನ ಅನ್ನ ಯಾರ ದುಡಿಮೆಯಿಂದ ಬರುತ್ತದೆಂಬ ಮಾತು ಅಲ್ಲಿ ಭಾಷಣವಿಲ್ಲದೆ ಸ್ಪಷ್ಟವಾಗುತ್ತದೆ. ಗುಡಿಯ ಪ್ರಶ್ನೆ ಹೊಲದ ಪ್ರಶ್ನೆಯೊಂದಿಗೆ ಕೂಡಿಕೊಂಡಾಗ ದೇವರ ಹೆಸರಿನಲ್ಲಿ ನಡೆಯುತ್ತಿರುವುದು ಅಧಿಕಾರದ ವ್ಯವಹಾರವೆಂದು ತೋರುತ್ತದೆ. ಆದರೆ ಗುಡಿಯ ಬಾಗಿಲು ತೆರೆಯುವುದು ಈ ಮುಷ್ಕರದ ಬಲದಿಂದಲ್ಲ. ಬೆಂಕಿಯೊಳಕ್ಕೆ ನುಗ್ಗಿದ ಯುವಕನ ತ್ಯಾಗವನ್ನು ಕಂಡು ಒಬ್ಬ ಮೇಲ್ಜಾತಿಯ ಮನುಷ್ಯನ ಹೃದಯ ಕರಗಿದ್ದರಿಂದ. ಒಳಗೆ ಬರುವ ಹಕ್ಕು ಮನುಷ್ಯನಾಗಿ ಹುಟ್ಟಿದ್ದರಿಂದಲೇ ಇರುವುದಾದರೆ, ಅದನ್ನು ಪಡೆಯಲು ಪ್ರಾಣವನ್ನು ಪಣಕ್ಕಿಟ್ಟು ಯೋಗ್ಯತೆ ಸಾಬೀತುಪಡಿಸಬೇಕಾದ ಅಗತ್ಯವೇನು ಎಂಬ ಪ್ರಶ್ನೆಯನ್ನು ಚಿತ್ರ ಕೇಳಿಕೊಳ್ಳುವುದಿಲ್ಲ. ಜೊತೆಗೆ, ಹೋರಾಟವಿಡೀ ಚೌದರಯ್ಯನ ಮುಂದಾಳತ್ವದಲ್ಲಿ ನಡೆಯುತ್ತದೆ. ದಲಿತರಿಗೆ ತಾಳ್ಮೆ ಬೋಧಿಸುವವನೂ ಅವನೇ, ಬ್ರಾಹ್ಮಣರಿಗೆ ಬುದ್ಧಿ ಹೇಳುವವನೂ ಅವನೇ. ಜಗಳವನ್ನು ಬ್ರಾಹ್ಮಣರು ಮತ್ತು ದಲಿತರ ನಡುವಿನದಾಗಿ ಮಾತ್ರ ಚಿತ್ರಿಸಿದ್ದರಿಂದ, ಭೂಮಿಯನ್ನು ಹಿಡಿದಿದ್ದ ಬ್ರಾಹ್ಮಣೇತರ ವರ್ಗ ಅಸ್ಪೃಶ್ಯತೆಯಲ್ಲಿ ತನಗಿದ್ದ ಪಾಲಿನಿಂದ ತಪ್ಪಿಸಿಕೊಂಡು ನ್ಯಾಯಾಧೀಶನ ಪೀಠದಲ್ಲಿ ಕೂರುತ್ತದೆ. ಜಮೀನುದಾರರೊಬ್ಬರ ಬಂಡವಾಳದಿಂದ, ಬ್ರಾಹ್ಮಣೇತರ ರಾಜಕಾರಣದ ಹಿನ್ನೆಲೆಯಿಂದ ಬಂದ ನಿರ್ದೇಶಕರ ಕೈಯಲ್ಲಿ ತಯಾರಾದ ಚಿತ್ರಕ್ಕೆ ಈ ಕುರುಡು ಬಂದದ್ದು ಆಕಸ್ಮಿಕವಲ್ಲ. ಚಲಂ ಅವರಂಥ ಲೇಖಕರ ಕಥೆಯಲ್ಲಿ ಸಂಪಾಲತೆಯ ಸ್ವಂತ ಇಚ್ಛೆಗೆ ಇನ್ನೂ ಹೆಚ್ಚಿನ ಬಿಡುವು ಸಿಗಬೇಕಿತ್ತೆಂದು ನನಗೆ ಅನಿಸುತ್ತಲೇ ಇರುತ್ತದೆ. ಅವಳು ಹಿಂಜರಿಯುತ್ತಾಳೆ, ಒಪ್ಪುತ್ತಾಳೆ, ಕಲಿಯುತ್ತಾಳೆ. ತಾನಾಗಿ ನಿರ್ಧರಿಸಿ ಕಥೆಯನ್ನು ತಿರುಗಿಸುವುದಿಲ್ಲ.

ಈ ಮಿತಿಗಳನ್ನು ಹೇಳುವಾಗ ಚಿತ್ರ ಬಂದ ದಿನಗಳನ್ನು ಮರೆಯಬಾರದು. ಗಾಂಧೀಜಿ 1933ರ ಕೊನೆಯಲ್ಲಿ ಹರಿಜನ ಯಾತ್ರೆಯ ಅಂಗವಾಗಿ ಆಂಧ್ರದಲ್ಲಿ ಸಂಚರಿಸಿದ್ದರು. 1936ರ ನವೆಂಬರಿನಲ್ಲಿ ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರವಿತ್ತು. ಆದರೆ ಮಧುರೆಯ ಮೀನಾಕ್ಷಿ ದೇವಾಲಯದೊಳಕ್ಕೆ ದಲಿತರು ಕಾಲಿಟ್ಟದ್ದು 1939ರ ಜುಲೈನಲ್ಲಿ. ಎಂದರೆ ‘ಮಾಲಪಿಲ್ಲ’ ತೆರೆಗೆ ಬಂದಾಗ ಅದರ ಕೊನೆಯ ದೃಶ್ಯ ಆ ಪ್ರಾಂತ್ಯದ ದೊಡ್ಡ ದೇವಸ್ಥಾನಗಳಲ್ಲಿ ಇನ್ನೂ ನಡೆದಿರದ ಸಂಗತಿಯಾಗಿತ್ತು. ಚಿತ್ರಮಂದಿರದ ಕತ್ತಲೆಯಲ್ಲಾದರೋ ನೆಲ, ಬೆಂಚು, ಕುರ್ಚಿ ಎಂಬ ವಿಂಗಡಣೆ ಟಿಕೆಟ್ಟಿನ ದರದ್ದು. ಆ ಜಾಗದಲ್ಲಿ ಕೂತು ಗುಡಿಯ ಬಾಗಿಲು ತೆರೆಯುವುದನ್ನು ನೋಡಿದವರ ಅನುಭವವನ್ನು ಇಂದು ನಾವು ಸುಲಭವಾಗಿ ಕಲ್ಪಿಸಿಕೊಳ್ಳಲಾರೆವು.

ವಿರೋಧ ನಿರೀಕ್ಷಿಸಿದಂತೆಯೇ ಬಂತು. ಸಂಪ್ರದಾಯಸ್ಥರು ಚಿತ್ರವನ್ನು ಬಹಿಷ್ಕರಿಸಲು ಕರೆಕೊಟ್ಟರು. ಅಗ್ರಹಾರಗಳಲ್ಲಿ ಕದ್ದು ನೋಡಿಬಂದ ಹುಡುಗರನ್ನು ಸ್ನಾನ ಮಾಡಿಸದೆ ಮನೆಯೊಳಗೆ ಸೇರಿಸಲಿಲ್ಲವೆಂಬ ನೆನಪುಗಳನ್ನು ಹಳಬರು ಹೇಳುತ್ತಾ ಬಂದಿದ್ದಾರೆ. ರಾಮಬ್ರಹ್ಮಂ ಹೆದರಲಿಲ್ಲ. ಸನಾತನಿಗಳು ಬಂದು ನೋಡಲಿ, ಅವರಿಗೆ ಪ್ರವೇಶ ಉಚಿತ ಎಂಬ ಅರ್ಥದ ಆಹ್ವಾನವನ್ನೇ ಪ್ರಚಾರದಲ್ಲಿ ಸೇರಿಸಿದರು. ಪತ್ರಿಕೆ ನಡೆಸಿದ್ದ ಮನುಷ್ಯನಿಗೆ ವಾದವೊಂದು ಜನರನ್ನು ಸೇರಿಸುತ್ತದೆಂಬುದು ಚೆನ್ನಾಗಿ ಗೊತ್ತಿತ್ತು, ಮತ್ತು ಆ ವಾದ ಅವರಿಗೆ ಮನಸಾರೆ ಬೇಕಾಗಿಯೂ ಇತ್ತು. ಈ ಎರಡರಲ್ಲಿ ಒಂದನ್ನು ಮಾತ್ರ ನಿಜವೆಂದು ಹೇಳುವವರ ಜೊತೆ ನನ್ನ ಸಹಮತವಿಲ್ಲ. ಚಿತ್ರ ಜಯಭೇರಿ ಹೊಡೆಯಿತು. ಸಮಕಾಲೀನ ಕಥೆಗೆ ಜನ ಬರುವುದಿಲ್ಲವೆಂಬ ನಂಬಿಕೆ ಸುಳ್ಳಾಯಿತು, ತೆಲುಗಿನಲ್ಲಿ ಸಾಮಾಜಿಕ ಚಿತ್ರಗಳಿಗೆ ಬಂಡವಾಳ ಹುಟ್ಟತೊಡಗಿತು.

ಇಂದು ನೋಡಲು ಸಿಗುವ ಪ್ರತಿಯ ಬಗ್ಗೆಯೂ ಒಂದು ಮಾತು. ಚಿತ್ರ ಮಸುಕಾಗಿದೆ, ಧ್ವನಿಯ ಹಿಂದೆ ಸತತವಾದ ಕರಕರ ಸದ್ದಿದೆ, ಮುಖಗಳ ಮೇಲಿನ ಬೆಳಕು ಅಲ್ಲಲ್ಲಿ ಬಿಳಿಚಿಕೊಂಡು ಕಣ್ಣು ಮೂಗು ಕಾಣದಂತಾಗುತ್ತದೆ. ಸಂಭಾಷಣೆಯೇ ಜೀವಾಳವಾದ ಚಿತ್ರಕ್ಕೆ ಇದು ದೊಡ್ಡ ನಷ್ಟ. ತೆಲುಗು ಅಷ್ಟಾಗಿ ಬಾರದವರು ಕಥೆಯನ್ನು ಮೊದಲೇ ತಿಳಿದುಕೊಂಡು, ಹೆಡ್‌ಫೋನ್ ಹಾಕಿಕೊಂಡು, ಸಾಧ್ಯವಿದ್ದರೆ ತೆಲುಗು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದು ಒಳಿತು. ಇಷ್ಟು ಮಹತ್ವದ ಚಿತ್ರವನ್ನು ಸರಿಯಾಗಿ ಸಂಸ್ಕರಿಸಿ, ಬೇರೆ ಭಾಷೆಗಳ ಅಡಿಬರಹದೊಂದಿಗೆ ಕೊಡುವ ಕೆಲಸ ಆಗಲೇಬೇಕು. ‘ಭಕ್ತ ಪ್ರಹ್ಲಾದ’ ಕಳೆದುಹೋದಂತೆ ಇದೂ ಕಳೆದುಹೋಗಬಾರದು.

ನೋಡಿ ಮುಗಿಸಿದವರು ಸಾರಥಿ ಫಿಲಮ್ಸ್‌ನ ಮುಂದಿನ ಚಿತ್ರ, 1939ರ ‘ರೈತುಬಿಡ್ಡ’ವನ್ನೂ ನೋಡಬೇಕೆಂದು ನನ್ನ ಒತ್ತಾಯದ ಸಲಹೆ. ‘ಮಾಲಪಿಲ್ಲ’ ಹೇಳದೆ ಬಿಟ್ಟ ಭೂಮಿಯ ಪ್ರಶ್ನೆಯನ್ನು ರಾಮಬ್ರಹ್ಮಂ ಅಲ್ಲಿ ನೇರವಾಗಿ ಎತ್ತಿಕೊಂಡರು. ಬೊಬ್ಬಿಲಿ, ವೆಂಕಟಗಿರಿಗಳ ಜಮೀನುದಾರರು ಅದರ ವಿರುದ್ಧ ನಿಂತರು, ಕೆಲವೆಡೆ ಪ್ರದರ್ಶನಕ್ಕೆ ನಿಷೇಧವೂ ಬಿತ್ತು. ಆ ಚಿತ್ರದಲ್ಲಿ ರೈತನ ಮುಖ್ಯ ಪಾತ್ರವನ್ನು ವಹಿಸಿದವರು ಬಳ್ಳಾರಿ ರಾಘವ. ಕನ್ನಡ ಮತ್ತು ತೆಲುಗು ರಂಗಭೂಮಿಗಳೆರಡರಲ್ಲೂ ಅವರ ಹೆಸರನ್ನು ಕೇಳಿ ಮಾತ್ರ ಬಲ್ಲವರಿಗೆ ಅವರ ನಡೆ, ದನಿ, ನಿಲುವನ್ನು ಕಣ್ಣಾರೆ ಕಾಣಲು ಇರುವ ಅವಕಾಶಗಳು ಬಹಳ ಕಡಿಮೆ. ಅವುಗಳಲ್ಲಿ ಇದು ಒಂದು.